ಪೆರ್ಟ್ಸ್ ಸಂಪಾದಿಸಿದ ಎಂಜಿಎಚ್ ಸಂಪುಟಗಳನ್ನು ಈಗಲೂ ಆಧಾರವಾಗಿ ಕೊಡಬಹುದೇ?

ಕಡತಪ್ರಿಯ:
ಕ್ಯಾರೊಲಿಂಜಿಯನ್ (ಫ್ರಾಂಕ್ ದೊರೆ ಶಾರ್ಲೆಮೇನ್ ವಂಶದ) ಕಾಲದ ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಗೇಯೋರ್ಗ್ ಹೈನ್ರಿಖ್ ಪೆರ್ಟ್ಸ್ 1826ರಲ್ಲಿ ತಂದ 'ಮೊನುಮೆಂಟಾ ಜರ್ಮಾನಿಯೇ ಹಿಸ್ಟೋರಿಕಾ' (ಎಂಜಿಎಚ್, ಜರ್ಮನ್ ಮಧ್ಯಯುಗದ ಮೂಲ ಬರಹಗಳ ಸರಣಿ) ಇದರ ಮೊದಲ ಸಂಪುಟ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದೊಂದೇ ಸಾಕೇ? ಮೆರೊವಿಂಜಿಯನ್ (ಅದಕ್ಕೂ ಹಿಂದಿನ ಫ್ರಾಂಕ್ ರಾಜವಂಶದ) ರಾಜಪತ್ರಗಳಿಗೆ 1872ರ ಪೆರ್ಟ್ಸ್ ಸಂಪುಟ ನಡೆಯುತ್ತದೆಯೇ? ಪೀಠಿಕೆಗೆ ಆತನ ಬಗ್ಗೆ ನಾಲ್ಕು ಸಾಲೂ ಬೇಕು.

ಹಳೇಹಾಳೆ:
1872ರದ್ದನ್ನು ಮುಟ್ಟಲೇಬೇಡಿ. ಮೊದಲನೆಯದಾಗಿ, ಅದರ ಸಂಪಾದಕ ನೀವು ಹೇಳುವ ಪೆರ್ಟ್ಸ್ ಅಲ್ಲ, ಆತನ ಮಗ ಕಾರ್ಲ್. ಅಸಲಿ ಯಾವುದು, ಖೊಟ್ಟಿ ಯಾವುದು ಎಂದು ವಿಂಗಡಿಸುವುದರಲ್ಲೇ ಎಡವಿದ ಸಂಪುಟ ಅದು. ವಿಯೆನ್ನಾದ ಥಿಯೊಡೋರ್ ಸಿಕೆಲ್ ಮರುವರ್ಷವೇ ಅದನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಮಗನ ಕೈಗೆ ಆ ಕೆಲಸ ಕೊಟ್ಟದ್ದು ಅಪ್ಪನ ಹೆಸರಿಗೂ ಮಸಿ ಬಳಿಯಿತು.

ಈಗ ಬಳಸಬೇಕಾದದ್ದು ಥಿಯೊ ಕೋಲ್ಟ್ಸರ್ ಅವರ 2001ರ ಆವೃತ್ತಿ, ಎರಡು ಸಂಪುಟ. ಉಳಿದುಬಂದಿರುವ ರಾಜಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖೊಟ್ಟಿ ಎಂಬುದು ಅದರ ತೀರ್ಮಾನ. ಅರಮನೆಯ ಮೇಯರ್‌ಗಳ (ಆ ರಾಜರ ಆಸ್ಥಾನದ ಮುಖ್ಯ ಅಧಿಕಾರಿಗಳ) ಪತ್ರಗಳು ಅದರಲ್ಲಿಲ್ಲ, ಅವಕ್ಕೆ ಇಂಗ್ರಿಡ್ ಹೈಡ್ರಿಖ್ ಅವರ 2011ರ ಸಂಪುಟ ನೋಡಿ. ಹಳೆಯ ಲೇಖನಗಳಲ್ಲಿ ಕಾಣುವ ಪತ್ರಸಂಖ್ಯೆಗಳು 1872ರವು, ಕೋಲ್ಟ್ಸರ್ ಸಂಖ್ಯೆಗೆ ಹೊಂದುವುದಿಲ್ಲ. ಎರಡನ್ನೂ ಕೊಡಿ. ಇಲ್ಲದಿದ್ದರೆ ಓದುವವರು ಬೇರೆಯದೇ ಪತ್ರ ತೆರೆದು ಕೂತಿರುತ್ತಾರೆ.

ಲ್ಯಾಟಿನ್‌ಮೇಷ್ಟ್ರು:
ಮೊದಲ ಸಂಪುಟದ ವಿಷಯಕ್ಕೆ ಬರುತ್ತೇನೆ. ನಿಮಗೆ ಬೇಕಾಗಿರುವುದು ಬಹುಶಃ 741ರಿಂದ 829ರವರೆಗಿನ ವಾರ್ಷಿಕ ವೃತ್ತಾಂತ. ಪೆರ್ಟ್ಸ್ ಅದನ್ನು ಲೋರ್ಷ್ ಮಠದ ಹೆಸರಲ್ಲಿ 'ಅನ್ನಾಲೆಸ್ ಲೌರಿಸ್ಸೆನ್ಸೆಸ್' ಎಂದು ಅಚ್ಚು ಹಾಕಿದ. ಇದು ಮಠದ ಬರಹವಲ್ಲ, ಆಸ್ಥಾನಕ್ಕೆ ಹತ್ತಿರದವರದ್ದು ಎಂದು 1854ರಲ್ಲಿ ಇತಿಹಾಸಕಾರ ರಾಂಕೆ ವಾದಿಸಿದ ಮೇಲೆ ಆ ಹೆಸರು ಸಡಿಲವಾಯಿತು. ಫ್ರೀಡ್ರಿಖ್ ಕುರ್ಟ್ಸೆ 1895ರಲ್ಲಿ ಹಸ್ತಪ್ರತಿಗಳನ್ನು ಗುಂಪುಗೂಡಿಸಿ 'ಅನ್ನಾಲೆಸ್ ರೆಗ್ನಿ ಫ್ರಾಂಕೋರುಂ' ಎಂದು ಮತ್ತೆ ಸಂಪಾದಿಸಿದರು. ಉಲ್ಲೇಖ ಅದರಿಂದಲೇ ಇರಲಿ. ಐನ್‌ಹಾರ್ಡ್ ಬರೆದ ಶಾರ್ಲೆಮೇನ್ ಚರಿತ್ರೆಗೂ ಇದೇ ಮಾತು: ಪೆರ್ಟ್ಸ್‌ನದು 1829ರ ಎರಡನೇ ಸಂಪುಟದಲ್ಲಿದೆ, ಬಳಕೆಗೆ ಹೋಲ್ಡರ್-ಎಗ್ಗರ್ ಅವರ 1911ರದ್ದು.

ಎಂಜಿಎಚ್ ಪುಟದಲ್ಲಿ ಅಕ್ಷರ ಒಮ್ಮೆಲೇ ಸಣ್ಣದಾದರೆ ಅದು ಅಚ್ಚಿನ ದೋಷ ಅಲ್ಲ. ಆ ಸಾಲುಗಳನ್ನು ಲೇಖಕ ಹಳೆಯ ಮೂಲದಿಂದ ಎತ್ತಿಕೊಂಡಿದ್ದಾನೆ ಎಂಬ ಗುರುತು. ಅದನ್ನು ಗಮನಿಸದೆ ಒಂಬತ್ತನೇ ಶತಮಾನದವನ ಕಣ್ಣಾರೆ ಸಾಕ್ಷಿ ಎಂದು ಬರೆದವರು ಬೇಕಾದಷ್ಟು ಜನ. ಸ್ಕ್ಯಾನ್‌ನಿಂದ ನಕಲಿಸಿದ ಪಠ್ಯದಲ್ಲಿ ಈ ಗಾತ್ರಭೇದ ಅಳಿಸಿಹೋಗುತ್ತದೆ. ಹಾಗಾಗಿ ಪುಟದ ಚಿತ್ರವನ್ನೇ ನೋಡಿ.

ಕಪಾಟಿನ_ಕೀಲಿ:
ಪೀಠಿಕೆಗೆ ಪೆರ್ಟ್ಸ್ ಬಗ್ಗೆ: ಹುಟ್ಟು 1795, ಹ್ಯಾನೋವರ್. ಓದು ಗೋಟಿಂಗೆನ್. ಪ್ರಶ್ಯದ ರಾಜಕಾರಣಿ ಫ್ರೈಹೆರ್ ಫೊಮ್ ಷ್ಟೈನ್ 1819ರಲ್ಲಿ ಎಂಜಿಎಚ್ ತರಲೆಂದು ಫ್ರಾಂಕ್‌ಫರ್ಟ್‌ನಲ್ಲಿ ಕಟ್ಟಿದ ಸಂಘ ಈತನನ್ನು ಹಸ್ತಪ್ರತಿ ಹುಡುಕಲು ವಿಯೆನ್ನಾ, ಇಟಲಿಗಳಿಗೆ ಕಳಿಸಿತು. ಮುಂದೆ ಹ್ಯಾನೋವರ್‌ನ ಪತ್ರಾಗಾರ, ಗ್ರಂಥಾಲಯ. 1842ರಿಂದ ಬರ್ಲಿನ್ ರಾಜ ಗ್ರಂಥಾಲಯದ ಮುಖ್ಯಸ್ಥ. ಷ್ಟೈನ್ ಜೀವನಚರಿತ್ರೆ ಆರು ಸಂಪುಟ. ಸಾವು 1876. ಇತಿಹಾಸಕಾರನೋ ಪತ್ರಾಗಾರದವನೋ ಎಂದು ಬೇರ್ಪಡಿಸಲು ಹೋಗಬೇಡಿ, ಆ ಕಾಲಕ್ಕೆ ಎರಡೂ ಒಂದೇ ಮೇಜಿನ ಕೆಲಸ.

ನನ್ನ ಪ್ರಕಾರ ಆತನ ಬೆಲೆ ತಿಳಿಯುವುದು ರೋಮ್‌ನಲ್ಲಿ. ವ್ಯಾಟಿಕನ್ ಪತ್ರಾಗಾರ ವಿದ್ವಾಂಸರಿಗೆ ತೆರೆದದ್ದು 1881ರಲ್ಲಿ. ಪೆರ್ಟ್ಸ್ 1820ರ ದಶಕದಲ್ಲೇ ಹದಿಮೂರನೇ ಶತಮಾನದ ಪೋಪ್‌ಗಳ ದಾಖಲೆ ಪುಸ್ತಕಗಳಿಂದ ಕಾಗದಗಳನ್ನು ಆರಿಸಿ ನಕಲು ಮಾಡಿಕೊಂಡಿದ್ದ. ಅವನ್ನು ಕಾರ್ಲ್ ರೋಡೆನ್‌ಬರ್ಗ್ 1883ರಿಂದ 1894ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಆದರೆ ಅದು ಜರ್ಮನ್ ಚಕ್ರಾಧಿಪತ್ಯದ ಇತಿಹಾಸಕ್ಕೆಂದು ಆರಿಸಿದ್ದು. ಅಲ್ಲಿ ಒಂದು ಕಾಗದ ಇಲ್ಲ ಎಂದರೆ ಪೋಪ್ ಬರೆಯಲೇ ಇಲ್ಲ ಎಂದಲ್ಲ.

ಕಡತಪ್ರಿಯ:
ಎಲ್ಲರಿಗೂ ಧನ್ಯವಾದ. ಹಾಗಾದರೆ 1826ರ ಸಂಪುಟಕ್ಕೆ ಈಗ ಕೆಲಸವೇ ಇಲ್ಲವೇ?

ಲ್ಯಾಟಿನ್‌ಮೇಷ್ಟ್ರು:
ಖಂಡಿತ ಇದೆ. ಅದರಲ್ಲಿನ ಕೆಲವು ಸಣ್ಣ ವೃತ್ತಾಂತಗಳಿಗೆ ಇನ್ನೂ ಅದೇ ಗತಿ. ಆಗ 'ಎಸ್ಎಸ್ 1' (ಸ್ಕ್ರಿಪ್ಟೋರೆಸ್, ಅಂದರೆ ಲೇಖಕರ ಶ್ರೇಣಿಯ ಮೊದಲ ಸಂಪುಟ), ಪುಟ, ಅಂಚಿನಲ್ಲಿರುವ ಸಾಲಿನ ಸಂಖ್ಯೆ, ಮೂರನ್ನೂ ಕೊಡಿ. 'ಎಸ್ಎಸ್ ರೆರ್. ಮೆರೊವ್. 1' ಎಂಬುದು ಬೇರೆ ಶ್ರೇಣಿ (ಮೆರೊವಿಂಜಿಯನ್ ಕಾಲದ್ದು), ಅಲ್ಲಿರುವುದು ಟೂರ್ಸ್‌ನ ಬಿಷಪ್ ಗ್ರೆಗರಿಯ ಬರಹ. ಡಿಎಂಜಿಎಚ್ (ಎಂಜಿಎಚ್ ಸಂಪುಟಗಳ ಡಿಜಿಟಲ್ ರೂಪ) ತಾಣದ ಪಟ್ಟಿಯಲ್ಲಿ ಮೊದಲು ಶ್ರೇಣಿ ಆರಿಸಿ, ಆಮೇಲೆ ಸಂಪುಟ.