ಬಿಡಿ ಭಾಗ ತಂದು ಟೆಲಿಕಾಸ್ಟರ್ ಕಟ್ಟುವವರಿಗೆ: ಮೊದಲು ದುಡ್ಡು ಯಾವುದಕ್ಕೆ?

ಕೇಳಿದವರು, ಬೆಳಗಾವಿ: ಡಿಗ್ರಿ ಕೊನೆ ವರ್ಷ ಓದುತ್ತಿದ್ದೇನೆ. 1950ರ ದಶಕದ ಟೆಲಿಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಥರದ ಗಿಟಾರ್ ಕಟ್ಟುವ ಆಸೆ. ಬಾಡಿ ಇಲ್ಲೇ ಮಾಡಿಸಿ, ಉಳಿದದ್ದನ್ನು ಆನ್‌ಲೈನ್ ತರಿಸುವ ವಿಚಾರ. ದುಡ್ಡು ಕಡಿಮೆ. ಒಳ್ಳೆ ಪಿಕಪ್ (ತಂತಿಯ ಕಂಪನ ಹಿಡಿಯುವ ಮ್ಯಾಗ್ನೆಟ್-ಕಾಯಿಲ್) ಮೊದಲು ತಗೊಳ್ಳಲಾ? ಅನುಭವ ಇದ್ದವರು ಹೇಳಿ ಅಣ್ಣಾ.

ಟಿಳಕವಾಡಿಯಿಂದ: ತಮ್ಮಾ, ಪಿಕಪ್ ಕೊನೆಗಿರಲಿ. ಅದನ್ನು ಯಾವಾಗ ಬೇಕಾದರೂ ಬಿಚ್ಚಿ ಬದಲಾಯಿಸಬಹುದು. ದುಡ್ಡು ನೆಕ್‌ಗೆ (ಬೆರಳು ಓಡಿಸುವ ಉದ್ದ ಹಿಡಿ) ಹಾಕು. ಅದರ ಮೇಲಿನ ಲೋಹದ ಅಡ್ಡಪಟ್ಟಿ, ಅಂದ್ರೆ ಫ್ರೆಟ್, ಏರುಪೇರಾಗಿದ್ದರೆ ಎಂಥ ಪಿಕಪ್ ಇದ್ದರೂ ತಂತಿ ಝರ್ ಅನ್ನುತ್ತದೆ.

ನೆಕ್, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಲೋಹದ ತಟ್ಟೆ) ಎರಡೂ ಕೈಗೆ ಬರುವ ತನಕ ಕಟ್ಟಿಗೆ ಕೊಯ್ಯಿಸಬೇಡ. ಟೆಲಿ ನೆಕ್‌ನ ಬುಡ ಚೌಕ, ಫೆಂಡರ್‌ನ ಇನ್ನೊಂದು ಮಾದರಿ ಸ್ಟ್ರ್ಯಾಟ್‌ದು ದುಂಡು. ಅಗಲ ಎರಡಕ್ಕೂ ಸುಮಾರು 56 ಮಿ.ಮೀ. ಅಗ್ಗಕ್ಕೆ ಸಿಕ್ಕಿತೆಂದು ಸ್ಟ್ರ್ಯಾಟ್ ನೆಕ್ ತಂದರೆ ಮೂಲೆಯಲ್ಲಿ ಸಂದಿ ಉಳಿಯುತ್ತದೆ. ನೆಕ್ ಕೂರುವ ಗುಂಡಿ ಬಿಗಿಯಾಗಿರಬೇಕು. ಬಾಗಿಲು, ಮಂಚ ಮಾಡುವ ಬಡಿಗೇರರಿಗೆ ಈ ಅಳತೆಯ ರೂಢಿ ಇರುವುದಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಕಡೆ ಫೌಂಡ್ರಿಗೆ ಕಟ್ಟಿಗೆ ಪ್ಯಾಟರ್ನ್ (ಎರಕದ ಮಾದರಿ) ಮಾಡುವವರನ್ನು ಕೇಳು, ಅವರು ವರ್ನಿಯರ್ ಹಿಡಿದೇ ಕೆಲಸ ಮಾಡುತ್ತಾರೆ.

ಬ್ರಿಡ್ಜ್‌ಗೆ ತೂತು ಹೊಡೆಯುವಾಗ ಅವಸರ ಬೇಡ. ನೆಕ್ ಬಿಗಿದು, ಎರಡೂ ಅಂಚಿನ ತಂತಿಯ ಜಾಗದಲ್ಲಿ ಹೊಲಿಗೆ ದಾರ ಎಳೆದು ಟೇಪ್ ಹಚ್ಚು. ಕೊನೆ ಫ್ರೆಟ್ ಹತ್ತಿರ ದಾರದಿಂದ ಅಂಚಿಗೆ ಎರಡೂ ಕಡೆ ಸಮ ಜಾಗ ಇದೆಯಾ ನೋಡು. ಬ್ರಿಡ್ಜ್ ಸ್ವಲ್ಪ ಸರಿದರೂ ದಾರ ಒಂದು ಕಡೆ ವಾಲುತ್ತದೆ. ಟೆಲಿಯ ಸ್ಕೇಲ್ (ತಂತಿಯ ನುಡಿಯುವ ಉದ್ದ) 648 ಮಿ.ಮೀ. ನೆಕ್ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ, ನಟ್‌ನಿಂದ 12ನೇ ಫ್ರೆಟ್‌ಗೆ 324, ಅಲ್ಲಿಂದ ತೆಳು ತಂತಿಯ ಸ್ಯಾಡಲ್‌ಗೂ (ಬ್ರಿಡ್ಜ್ ಮೇಲೆ ತಂತಿಯ ಆಧಾರದ ತುಂಡು) ಹೆಚ್ಚುಕಡಿಮೆ ಅಷ್ಟೇ. ದಪ್ಪ ತಂತಿಗಳ ಸ್ಯಾಡಲ್ ಇನ್ನೂ ಹಿಂದೆ ಹೋಗಬೇಕು, ಅದಕ್ಕೆ ಜಾಗ ಬಿಡು.

ಹಳೇ ಮಾದರಿಯಲ್ಲಿ ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್. ಎರಡೆರಡು ತಂತಿ ಒಂದರ ಮೇಲೆ ಕೂರುವುದರಿಂದ ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವುದು) ಪೂರ್ತಿ ಸರಿಹೋಗಲ್ಲ. ಓರೆಯಾಗಿ ಮಾಡಿದ ಕಾಂಪೆನ್ಸೇಟೆಡ್ ಸ್ಯಾಡಲ್ ಹಾಕು. ನೋಟಕ್ಕೆ ಹಳೇದೇ, ಸ್ವರ ಸರಿ.

ವಿಜಯಪುರದಿಂದ: ಉಳಿದದ್ದೆಲ್ಲ ಒಪ್ಪಿದೆ, ಪಿಕಪ್ ಮಾತು ಮಾತ್ರ ಇಲ್ಲ. ಅಗ್ಗದ ಕಿಟ್‌ನಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಮ್ಯಾಗ್ನೆಟ್ ಬರುತ್ತದೆ. ಹಳೇ ಟೆಲಿ ದನಿ ಬೇಕಂದ್ರೆ ಆಲ್ನಿಕೊ ಮ್ಯಾಗ್ನೆಟ್ ಬೇಕೇ ಬೇಕು, ಜೊತೆಗೆ 250ಕೆ (ಕಿಲೋ-ಓಮ್) ಪಾಟ್, ಅಂದ್ರೆ ವಾಲ್ಯೂಮ್, ಟೋನ್ ತಿರುಗಿಸುವ ನಾಬ್‌ನ ಭಾಗ. ಬಾಡಿ ಮಾಡಿಸಲು ಸಾಗವಾನಿ ಬೇಡ, ತೂಕಕ್ಕೆ ಹೆಗಲು ಬಿದ್ದುಹೋಗುತ್ತದೆ! ಇನ್ನೊಂದು, ನಮ್ಮ ಕಡೆ ಗಾಳಿ ಒಣ, ನಿಮ್ಮಲ್ಲಿ ಮಳೆಗಾಲದ ತೇವ ಜಾಸ್ತಿ. ಹವೆ ಬದಲಾದಾಗ ನೆಕ್ ಬಾಗುತ್ತದೆ. ಟ್ರಸ್ ರಾಡ್ (ನೆಕ್ ಒಳಗೆ ಬಾಗು ಸರಿಪಡಿಸುವ ಲೋಹದ ಸರಳು) ಕಾಲು ಸುತ್ತು ತಿರುಗಿಸಿ, ಟ್ಯೂನ್ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ.

ಕೇಳಿದವರು: ಥ್ಯಾಂಕ್ಸ್ ಅಣ್ಣಾ. ತಂತಿ ಬಿಗಿಯುವ ಟ್ಯೂನರ್ ಯಾವುದಾದರೂ ನಡೀತದಾ? ಟೆಲಿಯ ಸಿಂಗಲ್ ಕಾಯಿಲ್ ಪಿಕಪ್‌ನಲ್ಲಿ ಹಮ್ (ಗುಂಯ್ ಸದ್ದು) ಬರುತ್ತೆ ಅಂತಾರಲ್ಲ, ಅದಕ್ಕೇನು ಮಾಡಲಿ?

ಟಿಳಕವಾಡಿಯಿಂದ: ನೆಕ್‌ನಲ್ಲಿ ಟ್ಯೂನರ್ ಕೂರುವ ತೂತು ಅಳೆದು ತಗೋ. ಹಳೇ ಮಾದರಿಗೆ ಸುಮಾರು 8.8 ಮಿ.ಮೀ., ಹೊಸದಕ್ಕೆ 10. ಹಮ್ ಸ್ವಲ್ಪ ಇದ್ದೇ ಇರುತ್ತದೆ. ಬ್ರಿಡ್ಜ್ ಕೆಳಗಿಂದ ಪಾಟ್‌ಗೆ ಗ್ರೌಂಡ್ ವೈರ್ ಎಳೆಯೋದು ಮರೀಬೇಡ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಅದು ಸರಿ ಇದೆ. ಜಾಸ್ತಿಯಾದರೆ ಕೇಬಲ್ ಚುಚ್ಚುವ ಜ್ಯಾಕ್‌ನ ಎರಡು ವೈರ್ ಅದಲುಬದಲಾಗಿವೆಯಾ ಅಂತ ಮೊದಲು ನೋಡು.