‘ಏರ್ ಹಿಡಿದಿದೆ’, ‘ಏರ್ ಎಳೀತಿದೆ’: ಎರಡೂ ಒಂದೇನಾ?

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುತ್ತಿರುವ ಅಕ್ಕನ ಮಗನಿಗೆ ಅಂತ ಕನ್ನಡದಲ್ಲಿ ಒಂದಿಷ್ಟು ಟಿಪ್ಪಣಿ ಬರೆಯುತ್ತಿದ್ದೇನೆ. ಹಳೆಯ ಲಾರಿಯ ಡೀಸೆಲ್ ಲೈನಿನಲ್ಲಿ ತೊಂದರೆ ಬಂದರೆ ಹೇಗೆ ಹುಡುಕಬೇಕು ಅನ್ನೋದು ವಿಷಯ. ಆ ಲೈನಿನೊಳಗೆ ಗಾಳಿ ಸೇರಿದರೆ ಡೀಸೆಲ್ ಸರಿಯಾಗಿ ಹರಿಯದೆ ಎಂಜಿನ್ ನಿಂತುಬಿಡುತ್ತದೆ. ಬರೆದದ್ದನ್ನು ಕನ್ನಡ ಮೇಷ್ಟ್ರಾಗಿರುವ ಗೆಳೆಯನಿಗೆ ತೋರಿಸಿದೆ. ಅವನು ‘ಏರ್ ಹಿಡಿದಿದೆ’ ಅಂತ ಇದ್ದಲ್ಲೂ ‘ಏರ್ ಎಳೆಯುತ್ತಿದೆ’ ಅಂತ ಇದ್ದಲ್ಲೂ ಗೀಟು ಎಳೆದು, ‘ಗಾಳಿ ಸೇರಿಕೊಂಡಿದೆ’ ಅಂತ ತಿದ್ದಿ ಕೊಟ್ಟಿದ್ದಾನೆ. ಏರ್ ಹೋಗಿ ಗಾಳಿ ಬಂದಿದ್ದಕ್ಕೆ ನನ್ನ ತಕರಾರಿಲ್ಲ. ಎರಡು ಮಾತನ್ನು ಒಂದು ಮಾಡಿದ್ದಕ್ಕೆ ಇದೆ.

ನಮ್ಮದು ಚಳ್ಳಕೆರೆ. ದೊಡ್ಡಪ್ಪನ ಹತ್ತಿರ ಆರು ಸಿಲಿಂಡರಿನ ಹಳೇ ಲಾರಿ ಇತ್ತು. ಒಮ್ಮೆ ಶೇಂಗಾ ಲೋಡು ಹಾಕಿಕೊಂಡು ಬರುವಾಗ ಹಿರಿಯೂರಿನ ಹತ್ತಿರ ನಿಂತುಬಿಟ್ಟಿತು. ದೊಡ್ಡಪ್ಪ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕಳಿಸುವ ಫೀಡ್ ಪಂಪಿನ ಗುಂಡಿ ಒತ್ತಿ ಒತ್ತಿ ಏರ್ ತೆಗೆದರು. ನೊರೆ ಬಂತು, ಆಮೇಲೆ ಬರೀ ಡೀಸೆಲ್ ಬಂತು. ಗಾಡಿ ಸ್ಟಾರ್ಟ್ ಆಯಿತು. ನಾಲ್ಕೈದು ಮೈಲಿ ಹೋಗಿ ಮತ್ತೆ ನಿಂತಿತು. ಮತ್ತೆ ಅದೇ ಕೆಲಸ. ಮೂರನೇ ಸಲ ರಸ್ತೆ ಬದಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ‘ಇದು ಏರ್ ಹಿಡಿದಿರೋದಲ್ಲಣ್ಣ, ಏರ್ ಎಳೀತಾ ಐತೆ’ ಅಂದರು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗೆ ಸೀಳಿತ್ತು. ಅಷ್ಟು ಉದ್ದ ಕತ್ತರಿಸಿ ಮತ್ತೆ ಬಿಗಿದರು. ಗಾಡಿ ಊರು ಸೇರಿತು.

ಆ ಒಂದು ಕ್ರಿಯಾಪದದಲ್ಲೇ ರೋಗ ಎಲ್ಲಿದೆ ಅಂತ ಅವರು ಹೇಳಿಬಿಟ್ಟಿದ್ದರು. ‘ಹಿಡಿದಿದೆ’ ಅಂದರೆ ಗಾಳಿ ಒಳಗೆ ಬಂದು ಕೂತಿದೆ ಅಂತ. ಡೀಸೆಲ್ ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೂ ಆಗುತ್ತದೆ, ಫಿಲ್ಟರ್ ಬದಲಾಯಿಸಿದರೂ ಆಗುತ್ತದೆ. ತೆಗೆದರೆ ಮುಗಿಯಿತು. ‘ಎಳೀತಿದೆ’ ಅಂದರೆ ಗಾಳಿ ಬರುತ್ತಲೇ ಇದೆ ಅಂತ. ಎಷ್ಟು ಸಲ ತೆಗೆದರೂ ಪ್ರಯೋಜನ ಇಲ್ಲ, ಬರುವ ದಾರಿ ಹುಡುಕಬೇಕು. ಆ ದಾರಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲೇ ಇರುತ್ತದೆ ಅನ್ನೋದು ಹೆಚ್ಚುಕಡಿಮೆ ಖಚಿತ. ಯಾಕಂದ್ರೆ ಅಲ್ಲಿ ಪಂಪು ಡೀಸೆಲನ್ನು ಎಳೆದುಕೊಳ್ಳುತ್ತಿರುತ್ತದೆ. ಗಾಡಿ ಓಡುವಾಗ ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಫೀಡ್ ಪಂಪು ದಾಟಿದ ಮೇಲೆ ಒತ್ತಡ ಇರುವುದರಿಂದ ಅಲ್ಲಿ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಅನುಮಾನ ಇದ್ದರೆ ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ ಎತ್ತರದಲ್ಲಿಟ್ಟು, ಬೇರೆ ಪೈಪಿನಲ್ಲಿ ನೇರ ಫೀಡ್ ಪಂಪಿಗೆ ಕೊಟ್ಟು ನೋಡುತ್ತಾರೆ. ಆಗ ಗಾಡಿ ಸರಿಯಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆಗೇ ಅಂತ ಆಯಿತು.

‘ಗಾಳಿ ಸೇರಿಕೊಂಡಿದೆ’ ಅಂತ ಬರೆದರೆ ಇಷ್ಟೂ ಹೋಯಿತು ಅಲ್ವಾ?

ಇನ್ನೊಂದು, ಈ ‘ಹಿಡಿ’ ನಮ್ಮ ಮನೆಮಾತಿನದೇ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ, ಸೊಂಟಕ್ಕೆ ವಾಯು ಹಿಡಿಯುತ್ತದೆ. ಎಲ್ಲ ಕಡೆಯೂ ಬೇಡದ್ದೊಂದು ಬಂದು ಕೂತು ಅಲುಗಾಡದಂತೆ ಮಾಡುವ ಮಾತು. ಲಾರಿಗೂ ವಾಯುವೇ ಹಿಡಿದಿರೋದು, ಹೆಸರು ಮಾತ್ರ ಏರ್. ಅದನ್ನು ಬಿಡಿಸುವುದಕ್ಕೆ ‘ತೆಗೆ’. ದೃಷ್ಟಿ ತೆಗೆಯುವ ಹಾಗೆ ಏರ್ ತೆಗೆಯುವುದು. ಐಟಿಐ ಕ್ಲಾಸಿನಲ್ಲಿ ಇದಕ್ಕೆ ಬ್ಲೀಡಿಂಗ್ ಅಂತಾರೆ. ಗೆಳೆಯ ಅದಕ್ಕೆ ‘ವಾಯು ನಿಷ್ಕಾಸನ’ ಅಂತ ಸೂಚಿಸಿದ್ದಾನೆ. ಟಯರಿನ ಕಪ್ಪು ಹತ್ತಿದ ಕೈಯಲ್ಲಿ ಸ್ಪ್ಯಾನರ್ ಹಿಡಿದವನ ಬಾಯಲ್ಲಿ ಅದು ಬರುತ್ತದೆಯೇ, ನೀವೇ ಹೇಳಿ.

ಸುಮ್ನೆ ಮಾತು ಬಂತು ಅಂತ ಇನ್ನೆರಡು ಪದ. ನಮ್ಮ ಮನೆಯಲ್ಲಿ ಡೀಸೆಲ್‌ಗೆ ‘ಎಣ್ಣೆ’, ಎಂಜಿನ್ನಿಗೆ ಹಾಕುವುದಕ್ಕೆ ‘ಆಯಿಲ್’. ಅರ್ಥ ಒಂದೇ ಆದ ಎರಡು ಪದಗಳನ್ನು ಎರಡು ವಸ್ತುವಿಗೆ ಹಂಚಿಬಿಟ್ಟಿದ್ದರು. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ‘ಎಣ್ಣೆ ಗಾಡಿ’ ಅಂದರೆ ಬೇರೆಯೇ ಅರ್ಥ! ಈಗಿನ ಹುಡುಗರ ಹತ್ತಿರ ‘ಎಣ್ಣೆ ಹಾಕಿಸಿ ಬಾ’ ಅಂದರೆ ನಗುತ್ತಾರೆ, ಬಿಡಿ.

ಎರಡನೆಯದು ‘ಮೈಕೋ’. ಎಂಜಿನ್ನಿನ ದೊಡ್ಡ ಡೀಸೆಲ್ ಪಂಪಿಗೆ ದೊಡ್ಡಪ್ಪ ಹೇಳುತ್ತಿದ್ದದ್ದೇ ಹಾಗೆ, ‘ಮೈಕೋ ಬಿಚ್ಚಬೇಕು’ ಅಂತ. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅನ್ನೋದರ ಮೊದಲಕ್ಷರಗಳು ಅವು. 1951ರಲ್ಲಿ ಶುರುವಾದ ಕಂಪನಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಇತ್ತು. 2008ರಲ್ಲಿ ಹೆಸರು ಬಾಷ್ ಅಂತ ಬದಲಾಯಿತು. ಬೆಂಗಳೂರಿನಲ್ಲಿ ಮೈಕೋ ಲೇಔಟ್ ಅನ್ನೋ ಹೆಸರು ಇನ್ನೂ ಉಳಿದಿದೆ. ಲಾರಿಯವರ ಬಾಯಲ್ಲೂ ಉಳಿದಿದೆಯಾ? ಟಿಪ್ಪಣಿಯಲ್ಲಿ ‘ಮೈಕೋ’ ಅಂತ ಬರೆದರೆ ಹತ್ತೊಂಬತ್ತರ ಹುಡುಗನಿಗೆ ಗೊತ್ತಾಗುತ್ತದಾ?

ಎಂಜಿನ್ನಿನ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ವಿಷಯದಲ್ಲೂ ಒಂದು ಮಾತು ಬೇಕಿದೆ. ಒಳ್ಳೆಯ ನಾಝಲ್ ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ. ಹಳೇ ಎಂಜಿನ್‌ಗಳಲ್ಲಿ ಅದು ಬಾಯಿ ತೆರೆಯೋದಕ್ಕೇ ಸುಮಾರು 200 ಬಾರ್ ಒತ್ತಡ ಬೇಕು. ಅದರ ಎದುರಿಗೆ ಕೈ ಇಟ್ಟರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಇದನ್ನು ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಕೆಟ್ಟ ನಾಝಲ್ ಚಿಮ್ಮಿಸುವ ಬದಲು ತೊಟ್ಟಿಕ್ಕುತ್ತದೆ, ಕರಿ ಹೊಗೆ ಬರುತ್ತದೆ. ನಾನು ‘ತೊಟ್ಟಿಕ್ಕುವ ನಾಝಲ್’ ಅಂತಲೇ ಬರೆದಿದ್ದೇನೆ. ಗ್ಯಾರೇಜಿನಲ್ಲಿ ಇದಕ್ಕಿಂತ ಚುರುಕಾದ ಮಾತು ಇರಲೇಬೇಕು. ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ, ತಿಳಿಸಿ.

ನನಗೆ ಮುಖ್ಯವಾಗಿ ಬೇಕಿರೋದು ಇದು: ಹುಬ್ಬಳ್ಳಿ ಕಡೆ, ಮಂಗಳೂರು ಕಡೆ, ಕೋಲಾರದ ಕಡೆ ‘ಹಿಡಿ’, ‘ಎಳೆ’ ಎರಡನ್ನೂ ಹೀಗೆ ಬೇರೆ ಬೇರೆಯಾಗಿ ಬಳಸುತ್ತಾರಾ? ಇನ್ನೊಂದು ಅನುಮಾನವೂ ಇದೆ. ಬಾವಿಯ ಪಂಪ್‌ಸೆಟ್ಟಿಗೂ ನಮ್ಮಲ್ಲಿ ಇದೇ ಮಾತು. ಫುಟ್‌ವಾಲ್ (ಪೈಪಿನ ಬುಡದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಸೋರಿ ನೀರು ಇಳಿದುಹೋದರೆ ‘ಏರ್ ಹಿಡಿದಿದೆ, ನೀರು ಹುಯ್ಯಿ’ ಅಂತಾರೆ. ಪೈಪಿನ ಜಾಯಿಂಟು ಸಡಿಲವಾಗಿದ್ದರೆ ‘ಏರ್ ಎಳೀತಿದೆ’ ಅಂತಾರೆ. ಲಾರಿಯವರು ಈ ಮಾತನ್ನು ಬಾವಿಯಿಂದ ತಂದರೋ, ರೈತರು ಲಾರಿಯಿಂದ ಕಲಿತರೋ? ಮನೆಯಲ್ಲಿ ಹಳೇ ಪಂಪ್‌ಸೆಟ್ ನೋಡಿದ ಹಿರಿಯರಿದ್ದರೆ ಒಮ್ಮೆ ಕೇಳಿ ಬರೆಯಿರಿ.