10 ವರ್ಷದ ನಾಯಿಯನ್ನು ದತ್ತು ತಂದಿದ್ದೇವೆ: ರಾತ್ರಿಯ ಅಲೆದಾಟಕ್ಕೆ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. 5 ವಾರಗಳ ಹಿಂದೆ ನಾವು ಸುಮಾರು 10 ವರ್ಷದ ಹೆಣ್ಣುನಾಯಿಯೊಂದನ್ನು ಆಶ್ರಯಧಾಮದಿಂದ ಮನೆಗೆ ತಂದೆವು. ಹಗಲಿನಲ್ಲಿ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ಮಕ್ಕಳ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತದೆ. ಆದರೆ ರಾತ್ರಿ 2 ಗಂಟೆಯ ಹೊತ್ತಿಗೆ ಎದ್ದು, ಕೋಣೆಯಿಂದ ಕೋಣೆಗೆ ಅಲೆದಾಡಿ, ಕೆಲವೊಮ್ಮೆ ಗೋಡೆಯ ಮೂಲೆಗೆ ಮುಖ ಮಾಡಿ ನಿಂತು ಸಣ್ಣ ದನಿಯಲ್ಲಿ ಕುಂಯ್‌ಗುಡುತ್ತದೆ.

ಪಶುವೈದ್ಯರು ಮಾಡಿಸಿದ ರಕ್ತ ಮತ್ತು ಮೂತ್ರ ಪರೀಕ್ಷೆಗಳಲ್ಲಿ ದೋಷವೇನೂ ಕಂಡುಬಂದಿಲ್ಲ. ಹಿಂಗಾಲಿನ ಕೀಲು ಸವೆದಿರುವುದರಿಂದ ನೋವಿನ ಮಾತ್ರೆ ಕೊಟ್ಟರು. ನಡಿಗೆ ಸುಧಾರಿಸಿತು, ರಾತ್ರಿಯ ಅಲೆದಾಟ ಮಾತ್ರ ಹಾಗೆಯೇ ಇದೆ. ದಪ್ಪ ಹಾಸಿಗೆ, ಮಂದ ದೀಪ, ಜಾರುವ ನೆಲಕ್ಕೆ ಚಾಪೆ, ಮಲಗುವ ಮುನ್ನ ಹೊರಗೆ ಕರೆದೊಯ್ಯುವುದು, ಎಲ್ಲವನ್ನೂ ಮಾಡಿ ನೋಡಿದ್ದೇವೆ.

ಹೊಸ ಮನೆಗೆ ಪೂರ್ತಿ ಹೊಂದಿಕೊಳ್ಳಲು ನಾಯಿಗೆ 3 ತಿಂಗಳಾದರೂ ಬೇಕು ಎನ್ನುತ್ತಾರೆ. ಆದರೆ ನಿದ್ರೆಯ ಹೊತ್ತು ತಿರುಗುಮುರುಗಾಗುವುದು, ದಿಕ್ಕು ತೋಚದೆ ನಿಲ್ಲುವುದು ಮುದಿ ನಾಯಿಗಳಿಗೆ ಬರುವ ಮರೆವಿನ ಕಾಯಿಲೆಯ ಲಕ್ಷಣಗಳೂ ಹೌದು. ನಮ್ಮ ನಾಯಿ ಹಿಂದೆ ಹೇಗಿತ್ತೆಂದು ತಿಳಿದಿದ್ದರೆ ಹೋಲಿಸಿ ನೋಡಬಹುದಿತ್ತು. ಅದರ ಹಳೆಯ ಬದುಕನ್ನು ಬಲ್ಲವರು ಯಾರೂ ಸಿಗಲಿಲ್ಲ. ಈ ಮರೆವಿನ ಕಾಯಿಲೆಗೆ ಕೊಡುವ ಸೆಲೆಜಿಲಿನ್ ಎಂಬ ಔಷಧವನ್ನು ಕೊಟ್ಟು ನೋಡಬಹುದೆಂದು ಹೇಳಿದ ವೈದ್ಯರು ನಿರ್ಧಾರವನ್ನು ನಮಗೇ ಬಿಟ್ಟಿದ್ದಾರೆ.

ವಯಸ್ಸಾದ ನಾಯಿಯನ್ನು ತಂದು ಸಾಕಿದವರು ದಯವಿಟ್ಟು ತಿಳಿಸಿ: ಹೊಸ ಜಾಗದ ಕಳವಳವನ್ನೂ ಮರೆವಿನ ಕಾಯಿಲೆಯನ್ನೂ ಬೇರೆ ಮಾಡಿ ತೋರಿಸುವ ಯಾವ ವರ್ತನೆಯನ್ನು ನಾವು ಗಮನಿಸಬೇಕು? 3 ತಿಂಗಳು ತುಂಬುವವರೆಗೆ ಕಾಯುವುದು ಸರಿಯೇ, ಇಲ್ಲವೇ ಈಗಲೇ ಔಷಧ ಆರಂಭಿಸಬೇಕೇ?